ತಗ್ಗುನಾಡಿನ ಭೀತಿಗಳು

ಭೂತಪಿಶಾಚಗಳಿಗೆ ತಕ್ಕ ನಿವಾಸವೆಂದು ನಮ್ಮ ಕಲ್ಪನೆಯು ಸಾಮಾನ್ಯವಾಗಿ ಗೊತ್ತುಮಾಡಿಕೊಂಡಿರುವ ಗಿರಿಗಹ್ವರ, ಘೋರಾರಣ್ಯ, ಪಾಳುದುರ್ಗ ಮೊದಲಾದವುಗಳಲ್ಲಿ ಒಂದನ್ನೂ ಧಾರಾಳವಾಗಿ ಪಡೆಯದ ದೇಶವೊಂದು ಯೂರೋಪಿನ ವಾಯವ್ಯದ ಅಂಚಿನಲ್ಲಿದೆ. ನೆದರ್ಲೆಂಡ್ಸ್ ಎಂಬ ಅದರ ಹೆಸರಿಗೇ ತಗ್ಗುನಾಡೆಂದು ಅರ್ಥ. ಅದರ ನೆಲದಲ್ಲಿ ಸುಮಾರು ಕಾಲುಭಾಗವು ಸಮುದ್ರದ ಮಟ್ಟಕ್ಕಿಂತಲೂ ಕೆಳಗೆ ಬಿದ್ದುಕೊಂಡಿದೆ. ಅಲ್ಲಿಯ ಯಾವುದೊಂದು ಒಡ್ಡಿನ ಮೇಲೆ ನಿಂತು ಕಣ್ಣು ಹಾಯಿಸಿದವನಿಗೆ ಹುಲ್ಲುಗಾವಲೂ, ಅದನ್ನು ಗೆರೆ ಕೊಯ್ದಂತೆ ಸೀಳಿಕೊಂಡು ಹೋಗುವ ಕಾಲುವೆಗಳೂ, ದೂರದಲ್ಲಿ ಒಂದು ಗಾಳಿಗಿರಣಿಯೂ, ಅದಕ್ಕೂ ದೂರದಲ್ಲಿ ಒಂದು ಇಗರ್ಜಿಯ ಗೋಪುರವೂ ಅಲ್ಲದೆ ಮತ್ತೇನೂ ಗೋಚರಿಸುವುದಿಲ್ಲ. ಮೊಲವೊಂದು ಅಡಗಬೇಕೆಂದರೂ ಮರೆಯಿಲ್ಲದ ಇಂತಹ ಬಯಲಿನಲ್ಲಿ ದೆವ್ವವು ಎಲ್ಲಿ ಅಡಗೀತು, ಹಡಗು ಕಟ್ಟುವುದರಲ್ಲಿಯೂ ಲೆಕ್ಕ ಬರೆಯುವುದರಲ್ಲಿಯೂ ಲೋಕಪ್ರಸಿದ್ಧರಾದ ಆ ಜನರನ್ನು ಅದು ಹೇಗೆ ತಾನೆ ಹೆದರಿಸೀತು, ಎಂಬ ಸಂಶಯವು ಸಹಜವಾದುದು. ಆದರೆ ಆ ನಾಡಿನ ಹಳೆಯ ಕಥೆಗಳನ್ನು ಸ್ವಲ್ಪ ಸಾವಧಾನವಾಗಿ ನೋಡಿದರೆ, ಅಲ್ಲಿಯ ಭೂತಗಳು ಎತ್ತರವನ್ನೂ ಕತ್ತಲೆಯನ್ನೂ ಹುಡುಕಿಕೊಂಡು ಹೋದವುಗಳಲ್ಲವೆಂದೂ, ನೀರಿಗೂ ನೆಲಕ್ಕೂ ನಡುವೆ, ಒಬ್ಬನ ಹೊಲಕ್ಕೂ ಇನ್ನೊಬ್ಬನ ಹೊಲಕ್ಕೂ ನಡುವೆ, ಬದುಕಿರುವವರ ಊರಿಗೂ ಸತ್ತವರ ದಿಬ್ಬಕ್ಕೂ ನಡುವೆ, ಎಲ್ಲಿ ಎಲ್ಲೆಯು ಭದ್ರವಾಗಿಲ್ಲವೋ ಅಲ್ಲಿಯೇ ಅವು ನಿಂತುಕೊಂಡಿವೆಯೆಂದೂ ತೋರುತ್ತದೆ.

ಮನೆಯ ಹಿತ್ತಿಲಿನಿಂದಲೇ ಆರಂಭಿಸುವುದು ಯುಕ್ತ. ಹಾಲೆಂಡಿನ ಅನೇಕ ಊರುಗಳಲ್ಲಿ ಹಿಂಬಾಗಿಲು ತೆರೆದರೆ ಕಾಲುವೆ. ಬಟ್ಟೆ ಒಗೆಯುವುದು, ಪಾತ್ರೆ ಬೆಳಗುವುದು, ದೋಣಿ ಕಟ್ಟುವುದು ಎಲ್ಲವೂ ಹಿಂದೆ ಅಲ್ಲಿಯೇ. ಮಗುವು ಕಾಲು ಜಾರುವುದಕ್ಕೂ ಮುಳುಗುವುದಕ್ಕೂ ನಡುವೆ ಅದರ ಹೆಸರು ಹಿಡಿದು ಕೂಗುವಷ್ಟೂ ಅವಕಾಶವಿರಲಿಲ್ಲ. ಆದುದರಿಂದ ತಾಯಂದಿರು ನೀರಿನೊಳಗೆ ಒಬ್ಬೊಬ್ಬ ಕಾವಲುಗಾರನನ್ನು ಇರಿಸಿದರು. ಆಮ್‌ಸ್ಟರ್‌ಡಾಮಿನಲ್ಲಿ ಅವನ ಹೆಸರು ಬುಲ್ಲೆಬಾಕ್. ಅಲ್ಲಿಂದ ಉತ್ತರಕ್ಕೆ ಹೋದರೆ ಬೂಜೆಹಾಪ್ಪರ್ಟ್. ಮತ್ತೆ ಕೆಲವು ಸೀಮೆಗಳಲ್ಲಿ ಹಾಕ್‌ಮನ್, ಎಂದರೆ ಕೊಕ್ಕೆಯವನು. ಈ ಕೊಕ್ಕೆಯವನು ತನ್ನ ಆಯುಧವನ್ನು ಪಾತಾಳದಿಂದ ತಂದವನಲ್ಲ. ಅದು ದೋಣಿಯವರು ದಡವನ್ನು ಹಿಡಿದೆಳೆಯುವುದಕ್ಕೆ ಉಪಯೋಗಿಸತಕ್ಕ, ಪ್ರತಿಯೊಂದು ಮಗುವೂ ದಿನಬೆಳಗಾದರೆ ನೋಡತಕ್ಕ ಸಾಧಾರಣವಾದ ಕೊಕ್ಕೆಗೋಲು. ಇನ್ನು ಕೆಲವೆಡೆ ಗಂಡಸಿಗೆ ಬದಲಾಗಿ ನೀಳವಾದ ತೋಳುಗಳುಳ್ಳ ಹೆಂಗಸೊಬ್ಬಳು ಬಾವಿಯ ತಳದಲ್ಲಿ ಕುಳಿತು, ಬಗ್ಗಿ ನೋಡಿದವರ ಕುತ್ತಿಗೆಗೆ ಕೈ ಹಾಕುತ್ತಿದ್ದಳು. ರೈ ಧಾನ್ಯದ ಪೈರು ಆಳೆತ್ತರ ಬೆಳೆದು ನಿಂತಾಗ ಅದರೊಳಗೂ ಒಬ್ಬಳು ಮುದುಕಿಯಿರುತ್ತಿದ್ದಳು. ಮಕ್ಕಳು ನುಗ್ಗಿ ತೆನೆಯನ್ನು ತುಳಿಯದಿರಲೆಂಬ ರೈತನ ಚಿಂತೆಯೇ ಅವಳ ಜನ್ಮಕಾರಣವೆಂಬುದನ್ನು ಊಹಿಸುವುದಕ್ಕೆ ಪಾಂಡಿತ್ಯವೇನೂ ಬೇಡ. ದಾಸರ ಪದದಲ್ಲಿ ಬಾಲಕೃಷ್ಣನೂ ಅಂಜಿದ ನಮ್ಮ ಗುಮ್ಮನಿಗೆ ಇವರೆಲ್ಲ ಬಂಧುಗಳೇ ಸರಿ. ಆದರೆ ನಮ್ಮ ಗುಮ್ಮನಿಗೆ ಇಂತಹುದೇ ಆಕಾರ, ಇಂತಹುದೇ ವಿಳಾಸ ಎಂಬ ಕಟ್ಟುಪಾಡಿಲ್ಲ, ಡಚ್ಚರ ಗುಮ್ಮನಿಗಾದರೋ ಖಚಿತವಾದ ವಿಳಾಸವುಂಟು. ಆಮ್‌ಸ್ಟರ್‌ಡಾಮಿನ ಬ್ರೌವರ್ಸ್‌ಗ್ರಾಖ್ಟ್ ಕಾಲುವೆಯ ಕಡೆಯಲ್ಲಿ ಬುಲ್ಲೆಬಾಕನ ಹೆಸರನ್ನೇ ಹೊತ್ತ ಸೇತುವೆಯೊಂದು ಈಗಲೂ ಇದೆ. ಅವನ ಹೆಸರು ಮಾತ್ರ ಇಂದಿನ ಡಚ್ ಭಾಷೆಯಲ್ಲಿ ಗದರಿಸಿ ಮಾತನಾಡುವ ಒರಟನಿಗೆ ಪರ್ಯಾಯಪದವಾಗಿ ಉಳಿದುಕೊಂಡು, ನೀರನ್ನು ಬಿಟ್ಟು ಕಚೇರಿಗಳಿಗೆ ಏರಿದೆ.

ಮಕ್ಕಳನ್ನು ಹೆದರಿಸುವುದಕ್ಕೆ ಬುಲ್ಲೆಬಾಕನು ಸಾಕಾಗಿದ್ದನು; ದೊಡ್ಡವರನ್ನು ಹೆದರಿಸಿದ ಜಂತುವು ಬೇರೆ. ಹಾರ್ಲೆಮ್, ಲೈಡನ್, ಆಮ್‌ಸ್ಟರ್‌ಡಾಮ್ ಎಂಬ ಮೂರು ನಗರಗಳ ನಡುವೆ ಹಾರ್ಲೆಮರ್‌ಮೇರ್ ಎಂಬ ಸರೋವರವೊಂದಿತ್ತು. ಆ ಸೀಮೆಯ ನೆಲವು ಪೀಟ್ ಎಂಬ, ಸಾವಿರಾರು ವರ್ಷ ನೀರಿನಲ್ಲಿ ಕೊಳೆತ ಸಸ್ಯಗಳಿಂದಾದ ಮೆತ್ತನೆಯ ಮಣ್ಣು. ಕಾಡಿಲ್ಲದ ಆ ದೇಶದಲ್ಲಿ ಅದನ್ನೇ ಕಡಿದು ಒಣಗಿಸಿ ಒಲೆಗೆ ಉರುವಲಾಗಿ ಬಳಸುತ್ತಿದ್ದುದರಿಂದ, ಜನರು ತಮ್ಮ ನೆಲವನ್ನು ತಾವೇ ಸುಟ್ಟುಕೊಂಡು ಆ ಗುಂಡಿಗಳಲ್ಲಿ ನೀರನ್ನು ತುಂಬಿಸಿಕೊಂಡಂತಾಯಿತು. ಗಾಳಿಯೆದ್ದಾಗಲೆಲ್ಲ ಸರೋವರವು ತನ್ನ ದಡವನ್ನು ಕಚ್ಚಿ ಕಚ್ಚಿ ತಿಂದು ಬೆಳೆಯಿತು. ಅಂಚಿನಲ್ಲಿದ್ದ ಹಳ್ಳಿಗಳು ಒಂದೊಂದಾಗಿ ಅದರ ಹೊಟ್ಟೆ ಸೇರಿದುವು. ಈ ಹಸಿವಿಗೆ ಜನರಿಟ್ಟ ಹೆಸರು ವಾಟರ್‌ವೊಲ್ಫ್, ಎಂದರೆ ಜಲವೃಕ. ಹದಿನೇಳನೆಯ ಶತಮಾನದ ಕವಿಗಳೂ ನಕ್ಷೆಕಾರರೂ ಅದನ್ನು ನಿಸ್ಸಂಕೋಚವಾಗಿ ಬಳಸಿದರು. ನಿಜವಾದ ತೋಳಗಳು ಆ ಸೀಮೆಯಿಂದ ಮಾಯವಾದ ಮೇಲೆಯೂ ಈ ನೀರಿನ ತೋಳವು ಬದುಕಿತ್ತು. 1836ರ ನವೆಂಬರಿನ ಬಿರುಗಾಳಿಯಲ್ಲಿ ಅದು ಆಮ್‌ಸ್ಟರ್‌ಡಾಮಿನ ಹೆಬ್ಬಾಗಿಲವರೆಗೂ, ಮುಂದಿನ ತಿಂಗಳ ಕ್ರಿಸ್‌ಮಸ್ಸಿನ ವೇಳೆಗೆ ಇನ್ನೊಂದು ಗಾಳಿಯ ಬೆನ್ನೇರಿ ಲೈಡನ್ನಿನ ಬೀದಿಗಳವರೆಗೂ ನಾಲಗೆ ಚಾಚಿತು. ಆಗ ಸಹನೆ ಮೀರಿದ ಸರ್ಕಾರವು ಮೂರು ಭಾರಿ ಉಗಿಯಂತ್ರಗಳನ್ನು ಸ್ಥಾಪಿಸಿ, 1849ರಿಂದ ಮೂರು ವರ್ಷಗಳ ಕಾಲ ಹಗಲೂ ಇರುಳೂ ನೀರನ್ನೆತ್ತಿಸಿ, 1852ರಲ್ಲಿ ಸುಮಾರು 18,000 ಹೆಕ್ಟೇರುಗಳ ಆ ಸರೋವರವನ್ನು ಒಣಗಿಸಿಬಿಟ್ಟಿತು. ಪುರಾಣಗಳಲ್ಲಿ ರಾಕ್ಷಸನನ್ನು ಕೊಲ್ಲುವುದಕ್ಕೆ ಅವತಾರಪುರುಷನೊಬ್ಬನು ಬರುತ್ತಾನೆ. ಇಲ್ಲಿ ಬಂದದ್ದು ಕಲ್ಲಿದ್ದಲು ತಿನ್ನುವ ಪಂಪು. ಆ ತೋಳದ ಹೊಟ್ಟೆಯಿದ್ದ ಸ್ಥಳದಲ್ಲಿ ಈಗ ಸ್ಖಿಪೋಲ್ ವಿಮಾನನಿಲ್ದಾಣವಿದೆ.

ನೀರು ಒಡ್ಡನ್ನು ಒಡೆದು ಒಳಗೆ ಬಂದಾಗ ತಾನೊಂದೇ ಬರುತ್ತಿರಲಿಲ್ಲ. ಹದಿನೈದನೆಯ ಶತಮಾನದ ಆರಂಭದಲ್ಲಿ ಪ್ರವಾಹವೊಂದು ಇಳಿದ ಮೇಲೆ, ಎಡಾಮ್ ಊರಿನ ಹಾಲು ಕರೆಯುವ ಹುಡುಗಿಯರು ಪುರ್ಮರ್ ಸರೋವರದ ಕೆಸರಿನಲ್ಲಿ ಸಿಕ್ಕಿಕೊಂಡಿದ್ದ, ಮೈಯೆಲ್ಲ ಪಾಚಿ ಕಟ್ಟಿದ ಹೆಂಗಸೊಬ್ಬಳನ್ನು ಕಂಡು ಊರಿಗೆ ಕರೆತಂದರೆಂದು ಐತಿಹ್ಯವಿದೆ. ಅವಳನ್ನು ತೊಳೆದರು, ಉಡಿಸಿದರು, ನೂಲುವುದನ್ನು ಕಲಿಸಿದರು. ಆಮೇಲೆ ಹಾರ್ಲೆಮಿನವರು ಅವಳನ್ನು ಕೇಳಿ ತಮ್ಮಲ್ಲಿಗೆ ಒಯ್ದರು. ಮಾತನ್ನು ಮಾತ್ರ ಅವಳು ಕಡೆಯವರೆಗೂ ಕಲಿಯಲಿಲ್ಲ. ಶಿಲುಬೆಯ ಮುಂದೆ ತಲೆಬಾಗುವುದನ್ನು ಕಲಿತಿದ್ದುದರಿಂದ ಸತ್ತಾಗ ಇಗರ್ಜಿಯ ಅಂಗಳದಲ್ಲಿ ಮಣ್ಣುಮಾಡಿದರು. ಈ ಕಥೆಯಲ್ಲಿ ಭಯಂಕರವಾದುದು ಜಲಕನ್ಯೆಯಲ್ಲವೆಂದು ನನ್ನ ಭಾವನೆ. ಸಮುದ್ರದಿಂದ ಬಂದದ್ದೇನಿದ್ದರೂ ಅದನ್ನು ತೊಳೆದು, ಉಡುಪು ತೊಡಿಸಿ, ರಾಟೆಯ ಮುಂದೆ ಕೂರಿಸದ ಹೊರತು ನಿದ್ರೆ ಬಾರದ ಆ ಪುರಜನರ ದಕ್ಷತೆಯನ್ನು ನೆನೆದರೆ ಮೈ ಸ್ವಲ್ಪ ಜುಮ್ಮೆನ್ನುತ್ತದೆ. ದಕ್ಷಿಣದ ಜೀಲೆಂಡ್ ಪ್ರಾಂತ್ಯದವರು ಇದೇ ಕಥೆಯ ಇನ್ನೊಂದು ಮುಖವನ್ನು ಹೇಳುತ್ತಾರೆ. ಸ್ಖೌವೆನ್ ದ್ವೀಪದ ಬೆಸ್ತರ ಬಲೆಗೆ ಜಲಕನ್ಯೆಯೊಬ್ಬಳು ಬಿದ್ದಳು, ಕೂಸನ್ನು ಎತ್ತಿಕೊಂಡಿದ್ದ ಅವಳ ಗಂಡನು ದೋಣಿಯ ಪಕ್ಕದಲ್ಲಿಯೇ ಈಜುತ್ತ ಬಂದು ಅವಳನ್ನು ಬಿಟ್ಟುಬಿಡಿರೆಂದು ಬೇಡಿದನು, ಬೆಸ್ತರು ನಕ್ಕರು, ಅವಳು ದಡದಲ್ಲಿ ಸತ್ತಳು. ಆಗ ಅವನು ಗೋಪುರವೊಂದನ್ನುಳಿದು ಈ ಊರಿನಲ್ಲಿ ಮತ್ತೇನೂ ಉಳಿಯದಿರಲೆಂದು ಶಪಿಸಿ, ಹಿಡಿಯಷ್ಟು ಮರಳನ್ನೂ ಪಾಚಿಯನ್ನೂ ಬಂದರಿನ ಬಾಯಿಗೆ ಎರಚಿ ಹೋದನಂತೆ. ಆ ಕರಾವಳಿಯಲ್ಲಿ ಬಂದರುಗಳಿಗೆ ಮರಳು ತುಂಬಿದುದೂ ಹಳ್ಳಿಗಳು ಸಮುದ್ರಪಾಲಾದುದೂ ಚರಿತ್ರೆಯೇ ಆಗಿದೆ. ಕೌಡೆಕೆರ್ಕೆ ಎಂಬ ಅಳಿದುಹೋದ ಹಳ್ಳಿಯ ಮೊಂಡುಗೋಪುರವು ಇಂದಿಗೂ ಒಡ್ಡಿನ ಮಗ್ಗುಲಲ್ಲಿ ಒಂಟಿಯಾಗಿ ನಿಂತಿದ್ದು, ಕಥೆ ಹೇಳುವವರು ಅದನ್ನೇ ಸಾಕ್ಷಿಯಾಗಿ ತೋರಿಸುತ್ತಾರೆ.

ಸಮುದ್ರದ ಕಡೆಯಿಂದ ಮುಖ ತಿರುಗಿಸಿ ಪೂರ್ವದ ಪ್ರಾಂತ್ಯಗಳಾದ ಗೆಲ್ಡರ್‌ಲೆಂಡ್, ಓವರ್‌ಐಸೆಲ್, ಡ್ರೆಂತೆಗಳಿಗೆ ಬಂದರೆ ನೆಲವು ತುಸು ಏರುತ್ತದೆ. ಮರಳುದಿಬ್ಬಗಳೂ, ಹೀದರ್ ಗಿಡಗಳ ಬೀಳುಭೂಮಿಯೂ, ಜೌಗೂ ಕಾಣಿಸುತ್ತವೆ. ಇಲ್ಲಿಯ ಅಧಿದೇವತೆಗಳು ವಿಟ್ಟೆ ವೀವನ್, ಎಂದರೆ ಬಿಳಿಯ ಹೆಂಗಸರು. ಸಂಜೆಯ ತಂಪಿಗೆ ತಗ್ಗಿನಿಂದ ಆವಿಯೆದ್ದು ಸೊಂಟದೆತ್ತರದಲ್ಲಿ ಹೊಲದ ಮೇಲೆ ತೇಲಾಡುವಾಗ, ಅದರಲ್ಲಿ ಸೆರಗೂ ಕೈಯೂ ಬಿಚ್ಚಿದ ಕೂದಲೂ ಕಾಣದಿರಬೇಕಾದರೆ ನೋಡುವವನು ತೀರ ಅರಸಿಕನಾಗಿರಬೇಕು. ವಿಟ್ ಎಂಬ ಪದಕ್ಕೆ ಬಿಳುಪೆಂಬುದಲ್ಲದೆ ಅರಿವೆಂಬ ಅರ್ಥವೂ ಹಿಂದೆ ಇದ್ದಿರಬಹುದೆಂದೂ, ಇವರು ಮೊದಲಿಗೆ ಭವಿಷ್ಯ ನುಡಿಯುವ ಜಾಣೆಯರಾಗಿದ್ದು ಕ್ರೈಸ್ತಧರ್ಮವು ಬಂದ ಬಳಿಕ ಪ್ರೇತಗಳಾಗಿ ಇಳಿದರೆಂದೂ ಕೆಲವು ಪಂಡಿತರ ಮತ. ಹೆರಿಗೆಯ ಸಮಯಕ್ಕೆ ಸಹಾಯ ಮಾಡುವುದು, ಕಳೆದ ವಸ್ತುವಿನ ಸುಳಿವು ಹೇಳುವುದು, ಹಾಗೆಯೇ ತೊಟ್ಟಿಲಿನಿಂದ ಕೂಸನ್ನು ಕದ್ದೊಯ್ಯುವುದು, ಇವೆರಡು ಬಗೆಯ ಕೃತ್ಯಗಳೂ ಅವರ ಹೆಸರಿನಲ್ಲಿರುವುದನ್ನು ನೋಡಿದರೆ ಆ ಮತವನ್ನು ತಳ್ಳಿಹಾಕುವುದಕ್ಕೆ ಮನಸ್ಸು ಬಾರದು.

ಲೊಖೆಮ್ ಪಟ್ಟಣದ ಹತ್ತಿರದ ಗುಡ್ಡದಲ್ಲಿ ಅವರ ಹೆಸರಿನದೇ ಆದ ಗುಂಡಿಯೊಂದಿದೆ. ಅನುಕೂಲಸ್ಥನಾದ ರೈತನೊಬ್ಬನು, ತನ್ನ ಮಗಳನ್ನು ಬಯಸಿ ಬಂದ ಇಬ್ಬರು ಯುವಕರಿಗೆ, ನಡುರಾತ್ರಿಯಲ್ಲಿ ಆ ಗುಂಡಿಯೊಳಗೆ ಕಬ್ಬಿಣದ ಸಲಾಕೆಯನ್ನು ಎಸೆದು ಬಂದವನಿಗೆ ಹುಡುಗಿ ಎಂದು ಪಣವೊಡ್ಡಿದನಂತೆ. ಸಿರಿವಂತನಾದವನು ಅರ್ಧ ದಾರಿಯಿಂದಲೇ ಹಿಂದಿರುಗಿದನು. ಬಡವನಾದವನು ಕುದುರೆಯೇರಿ ಹೋಗಿ ಎಸೆದನು. ಎಸೆದೊಡನೆ ಗುಂಡಿಯಿಂದ ಬಿಳಿಯದೊಂದು ಚಿಮ್ಮಿ ಅವನ ಬೆನ್ನಟ್ಟಿತು. ಕುದುರೆಯು ಮನೆಯ ಬಾಗಿಲನ್ನು ದಾಟಿ ಒಳಹೊಕ್ಕ ಕ್ಷಣದಲ್ಲಿಯೇ, ಹಿಂದಿನಿಂದ ಬೀಸಿ ಬಂದ ಆಯುಧವು ಅವನ ತಲೆಯ ಮೇಲುಗಡೆ ಬಾಗಿಲ ಮರದಲ್ಲಿ ನಾಟಿ ನಡುಗುತ್ತ ನಿಂತಿತು. ಹೇಳುವವರ ಬಾಯಿಂದ ಬಾಯಿಗೆ ಕುದುರೆಯ ಬಣ್ಣವೂ ಆಯುಧದ ಬಗೆಯೂ ಬದಲಾಗುತ್ತವೆ. ಹೊಸ್ತಿಲು ಮಾತ್ರ ಬದಲಾಗುವುದಿಲ್ಲ. ಈ ಕಥೆಯಲ್ಲಿ ಹೊಸ್ತಿಲಿನಿಂದ ಒಳಗೆ ಬಿಳಿಯ ಹೆಂಗಸರಿಗೆ ಅಧಿಕಾರವಿಲ್ಲ.

ಇದೇ ಸೀಮೆಯ ಡ್ರೆಂತೆಯಲ್ಲಿ ಹ್ಯೂನೆಬೆಡ್ ಎಂಬ ಶಿಲಾಸಮಾಧಿಗಳು 52 ಉಳಿದಿವೆ. ಐದು ಸಾವಿರ ವರ್ಷಗಳಿಗೂ ಹಿಂದೆ, ಹಿಮಯುಗದ ನೀರ್ಗಲ್ಲುಗಳು ಉತ್ತರದಿಂದ ಹೊತ್ತು ತಂದು ಹಾಕಿದ್ದ ಹೆಬ್ಬಂಡೆಗಳನ್ನು ಆಗತಾನೆ ಬೇಸಾಯಕ್ಕಿಳಿದಿದ್ದ ಜನರು ಜೋಡಿಸಿ ಕಟ್ಟಿದ ಗೋರಿಗಳಿವು. ಕಲ್ಲೇ ಅಪರೂಪವಾದ ದೇಶದಲ್ಲಿ ಆನೆಯಷ್ಟು ದೊಡ್ಡ ಬಂಡೆಗಳು ಸಾಲಾಗಿ ನಿಂತಿರುವುದನ್ನು ಕಂಡ ರೈತರು ಅದನ್ನು ದೈತ್ಯರ ಕೆಲಸವೆಂದರು. ಕೂವೋರ್ಡನ್ ಊರಿನ ಪಾದ್ರಿಯಾಗಿದ್ದ ಯೋಹಾನ್ ಪಿಕಾರ್ಟನು 1660ರಲ್ಲಿ ಈ ಪ್ರಾಂತ್ಯದ ಪ್ರಾಚೀನವಸ್ತುಗಳನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಆ ಮಾತನ್ನು ಒಪ್ಪಿ, ದೈತ್ಯರು ಬಂಡೆ ಹೊರುವ ಚಿತ್ರವನ್ನೂ, ಬಿಳಿಯ ಹೆಂಗಸರು ದಿಬ್ಬದೊಳಗೆ ವಾಸಿಸುವ ಚಿತ್ರವನ್ನೂ ಅಚ್ಚು ಹಾಕಿಸಿದನು. ಕರಡಿಯಂತಹ ಮೈಯುಳ್ಳ ಆ ದೈತ್ಯರನ್ನು ನೋಡಿ ಇಂದಿನವರು ನಗುವುದುಂಟು. ನಗುವ ಮುನ್ನ, ಹಳ್ಳಿಗರ ಮಾತಿನಲ್ಲಿ ಬರೆದಿಡತಕ್ಕ ಸಂಗತಿಯೇನೋ ಇದೆಯೆಂದು ಅಷ್ಟು ಹಿಂದೆಯೇ ಆ ಪಾದ್ರಿಗೆ ತೋರಿತಲ್ಲಾ ಎಂಬುದನ್ನೂ ನೆನೆಯಬೇಕು.

ದೈತ್ಯರ ಆ ಕಲ್ಲುಗಳನ್ನು ಕಡೆಗೆ ವಿಪತ್ತಿಗೆ ಗುರಿಮಾಡಿದ್ದು ಬೆರಳುದ್ದದ ಒಂದು ಪ್ರಾಣಿ. 1730ರ ಸುಮಾರಿನಲ್ಲಿ ಸಮುದ್ರದ ಒಡ್ಡುಗಳಿಗೆ ಆಸರೆಯಾಗಿ ನೆಟ್ಟಿದ್ದ ಮರದ ಕಂಬಗಳು ಮುರಿದು ಬೀಳತೊಡಗಿದುವು; ಕಂಬಗಳ ಒಡಲನ್ನು ಹಡಗುಹುಳುವು ಜೇನುಹುಟ್ಟಿನಂತೆ ತೂತು ತೂತಾಗಿ ಕೊರೆದುಬಿಟ್ಟಿತ್ತು. ಯಾವ ಬುಲ್ಲೆಬಾಕನೂ ಯಾವ ಜಲಕನ್ಯೆಯೂ ಆ ದೇಶವನ್ನು ಅಷ್ಟು ನಡುಗಿಸಿರಲಿಲ್ಲ. ದೇವರ ಕೋಪವೆಂದು ಇಗರ್ಜಿಗಳಲ್ಲಿ ಬೋಧನೆಯಾಯಿತು, ಉಪವಾಸ ಪ್ರಾರ್ಥನೆಗಳಾದುವು. ಜೊತೆಗೆ, ಇಂಜಿನಿಯರುಗಳು ಮರವನ್ನು ಕೈಬಿಟ್ಟು ಒಡ್ಡಿಗೆ ಕಲ್ಲುಹೊದಿಕೆ ಹಾಕುವುದಕ್ಕೆ ತೊಡಗಿದರು. ಕಲ್ಲಿಗೆ ಬೆಲೆ ಬಂದೊಡನೆ ಡ್ರೆಂತೆಯ ಬಂಡೆಗಳ ಮೇಲೆ ವರ್ತಕರ ಕಣ್ಣು ಬಿತ್ತು. ಆಗ ಅಲ್ಲಿಯ ಆಡಳಿತವು 1734ರಲ್ಲಿ ಹ್ಯೂನೆಬೆಡ್‌ಗಳಿಂದ ಕಲ್ಲು ತೆಗೆಯಕೂಡದೆಂದು ಆಜ್ಞೆ ಹೊರಡಿಸಿತು. ಪುರಾತನ ಸ್ಮಾರಕಗಳ ರಕ್ಷಣೆಗಾಗಿ ಯೂರೋಪಿನಲ್ಲಿ ಬಹು ಮುಂಚೆ ಹುಟ್ಟಿದ ಶಾಸನಗಳಲ್ಲಿ ಒಂದಾದ ಇದಕ್ಕೆ ಕಾರಣವಾದುದು ಒಂದು ಹುಳು ಎಂಬುದು ನನಗೆ ಎಷ್ಟು ಸಲ ಓದಿದರೂ ಬೇಸರ ಬಾರದ ಸಂಗತಿ.

ಜೌಗಿನ ಮೇಲೆ ಇರುಳಿನಲ್ಲಿ ಕುಣಿಯುವ ಬೆಳಕಿಗೆ ಕನ್ನಡದಲ್ಲಿ ಕೊಳ್ಳಿದೆವ್ವವೆಂಬ ಸೊಗಸಾದ ಹೆಸರಿದೆ. ಡಚ್ಚರು ಅದನ್ನು ದಾರಿತಪ್ಪಿದ ಬೆಳಕು ಎನ್ನುತ್ತಾರೆ. ಕೊಳೆತ ಸಸ್ಯಗಳಿಂದ ಹೊರಡುವ ಅನಿಲವೇ ಅದಕ್ಕೆ ಕಾರಣವೆಂಬ ವಿವರಣೆ ಬಂದು ಬಹುಕಾಲವಾಯಿತು. ಆದರೆ ಹಳ್ಳಿಗರ ವಿವರಣೆಯು ಹೃದಯಕ್ಕೆ ತಾಕುವಂತಹುದು. ಜ್ಞಾನಸ್ನಾನ ದೊರೆಯುವ ಮುನ್ನವೇ ಸತ್ತ ಹಸುಗೂಸುಗಳ ಆತ್ಮಗಳವು. ಸ್ವರ್ಗವೂ ಇಲ್ಲದೆ ನರಕವೂ ಇಲ್ಲದೆ, ಯಾರಾದರೂ ತಮ್ಮ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ಹೆಸರಿಟ್ಟಾರೆಂಬ ಆಸೆಯಿಂದ ದಾರಿಹೋಕರ ಹಿಂದೆ ಬರುತ್ತವೆ. ಕರುಣೆಯುಳ್ಳವನೊಬ್ಬನು ಹಳ್ಳದಿಂದ ನೀರು ಮೊಗೆದು ಒಂದಕ್ಕೆ ಸ್ನಾನ ಮಾಡಿಸಿದನಂತೆ. ಕೂಡಲೇ ಬಯಲಿನ ನಾಲ್ಕು ಮೂಲೆಗಳಿಂದಲೂ ನೂರಾರು ಬೆಳಕುಗಳು ಓಡಿ ಬಂದು ಅವನನ್ನು ಮುತ್ತಿಕೊಂಡುವು. ಬೆಳಗಾಗುವವರೆಗೂ ಅವನ ಕೈ ಬಿಡುವಾಗಲಿಲ್ಲ. ಇದನ್ನು ಭೂತದ ಕಥೆಯೆಂದು ಕರೆಯುವುದಕ್ಕೆ ನನಗೆ ಬಾಯಿ ಬಾರದು. ಇದಕ್ಕಿಂತ ಲೌಕಿಕವಾದ ಬೆಂಕಿಯೂ ಒಂದುಂಟು. ನೆರೆಯವನ ಹೊಲದ ಬಾಂದುಕಲ್ಲನ್ನು ರಾತ್ರಿಯಲ್ಲಿ ಸರಿಸಿದವನೂ, ಲಂಚ ತಿಂದು ಸುಳ್ಳಳತೆ ಮಾಡಿದ ಮೋಜಣಿದಾರನೂ ಸತ್ತ ಮೇಲೆ ಉರಿಯುವ ಮನುಷ್ಯರಾಗಿ, ಕಾದ ಕಲ್ಲನ್ನು ಹೊತ್ತುಕೊಂಡು, ಇದನ್ನೆಲ್ಲಿ ಇಡಲಿ ಎಂದು ಕೂಗುತ್ತ ಅಲೆಯುತ್ತಾರೆ. ತೆಗೆದ ಜಾಗದಲ್ಲಿಯೇ ಇಡು ಎಂದು ಯಾವನಾದರೂ ಗದರಿಸಿದಾಗಲೇ ಅವರಿಗೆ ಬಿಡುಗಡೆ. ಒಂದೊಂದು ಗೇಣು ನೆಲವನ್ನೂ ನೀರಿನಿಂದ ಕಿತ್ತುಕೊಳ್ಳಬೇಕಾದ ದೇಶದಲ್ಲಿ ನೆಲಗಳ್ಳನಿಗೆ ಅದಕ್ಕಿಂತ ಹಗುರವಾದ ಶಿಕ್ಷೆಯನ್ನು ಯಾರು ತಾನೆ ವಿಧಿಸಿಯಾರು?

ಮಲಗುವ ಮನೆಯೊಳಗೆ ನುಗ್ಗುವ ಭೂತವೆಂದರೆ ಮಾರೆ. ಅವಳು ಕೀಲಿರಂಧ್ರದಿಂದ ಒಳಬಂದು ನಿದ್ರಿಸುವವನ ಎದೆಯ ಮೇಲೆ ಕೂರುತ್ತಾಳೆ. ಲಾಯದಲ್ಲಿ ಕುದುರೆಗಳನ್ನು ಇರುಳೆಲ್ಲ ಓಡಿಸಿ ಬೆಳಗಾಗುವಾಗ ಬೆವರಿಳಿಸಿ, ಜೂಲನ್ನು ಗಂಟುಹಾಕಿ ಬಿಡುತ್ತಾಳೆ. ಏಳು ಹೆಣ್ಣುಮಕ್ಕಳ ಮನೆಯಲ್ಲಿ ಒಬ್ಬಳು, ತನಗೇ ತಿಳಿಯದಂತೆ, ಮಾರೆಯಾಗಿರುವಳೆಂದು ನಂಬಿದ್ದರು. ಮಂಚದ ಬಳಿ ಕೆರಗಳ ತುದಿಯನ್ನು ಹೊರಮುಖವಾಗಿ ತಿರುಗಿಸಿಡುವುದು ಇದಕ್ಕೆ ಪರಿಹಾರ. ಅವಳ ಹೆಸರಿನ ನಿಜವಾದ ಅರ್ಥವು ಮರೆತುಹೋದಾಗ ಜನರು ಅದನ್ನು ಹೆಣ್ಣುಕುದುರೆಯೆಂಬ ಅರ್ಥದ ಮೆರ್ರಿ ಎಂಬ ಪದಕ್ಕೆ ಜೋಡಿಸಿದರು. ದುಃಸ್ವಪ್ನಕ್ಕೆ ಡಚ್ಚರು ಇಂದು ಬಳಸುವ ನಾಖ್ಟ್‌ಮೆರ್ರಿ ಎಂಬ ಶಬ್ದಕ್ಕೆ ಇರುಳಿನ ಕುದುರೆಯೆಂದು ಅರ್ಥವಾಗುವುದು ಹೀಗೆ.

ಇಲ್ಲಿಯವರೆಗೆ ಹೇಳಿದ ಭೂತಗಳಿಂದ ಯಾರ ಪ್ರಾಣವಾದರೂ ಹೋಯಿತೋ ಇಲ್ಲವೋ, ಭೂತಗಳಿವೆಯೆಂದು ನ್ಯಾಯಾಲಯಗಳು ನಂಬಿದುದರಿಂದ ಅನೇಕರ ಪ್ರಾಣ ಹೋಯಿತು. ಈ ವಿಷಯದಲ್ಲಿ ತಗ್ಗುನಾಡಿನ ಉತ್ತರಭಾಗವು ನೆರೆಯವರಿಗಿಂತ ಬೇಗನೆ ಎಚ್ಚತ್ತಿತು. ಗ್ರಾವೆ ಊರಿನಲ್ಲಿ ಹುಟ್ಟಿ ಕ್ಲೇವ್ಸಿನ ಡ್ಯೂಕನ ವೈದ್ಯನಾಗಿದ್ದ ಯೋಹಾನ್ನೆಸ್ ವೀರನು 1563ರಲ್ಲಿಯೇ, ಮಾಟಗಾತಿಯರೆಂದು ಸುಡಲ್ಪಡುವ ಮುದುಕಿಯರು ಚಿತ್ತವಿಕಾರದಿಂದ ನರಳತಕ್ಕ ರೋಗಿಗಳೆಂದೂ ಅವರಿಗೆ ಬೇಕಾದುದು ಚಿತೆಯಲ್ಲ ಚಿಕಿತ್ಸೆಯೆಂದೂ ವಾದಿಸಿದನು. ಡಚ್ ಗಣರಾಜ್ಯದಲ್ಲಿ ಮಾಟಗಾತಿಗೆ ಮರಣದಂಡನೆಯಾದ ಕಡೆಯ ಪ್ರಸಂಗವು 1608ರದು. ಅದಾದ ಐದು ವರ್ಷಗಳ ಮೇಲೆ, ಸ್ಪೇನಿನ ಆಳ್ವಿಕೆಯಲ್ಲಿದ್ದ ದಕ್ಷಿಣದ ರೂರ್ಮಾಂಡಿನಲ್ಲಿ 64 ಮಂದಿಯನ್ನು ಸುಟ್ಟರು. ಇದೇ ಕಾಲದಲ್ಲಿ ಔಡೆವಾಟರ್ ಎಂಬ ಚಿಕ್ಕ ಪಟ್ಟಣದ ತೂಕದ ಕಟ್ಟೆಗೆ ಜರ್ಮನಿಯಿಂದಲೂ ಜನರು ಬರುತ್ತಿದ್ದರು. ಪೊರಕೆಯ ಮೇಲೆ ಹಾರಬೇಕಾದ ಮಾಟಗಾತಿಯು ಗಾಳಿಯಷ್ಟು ಹಗುರವಾಗಿರಬೇಕೆಂಬುದು ಆಗಿನ ತರ್ಕ; ಗಿಣ್ಣೂ ಸೆಣಬೂ ತೂಗುವ ಆ ದೊಡ್ಡ ತಕ್ಕಡಿಯಲ್ಲಿ ಅಪವಾದಕ್ಕೊಳಗಾದವರನ್ನು ನಿಲ್ಲಿಸಿ, ಇವರ ತೂಕವು ಇವರ ಮೈಕಟ್ಟಿಗೆ ತಕ್ಕಷ್ಟೇ ಇದೆಯೆಂದು ಮುದ್ರೆಯೊತ್ತಿದ ಪ್ರಮಾಣಪತ್ರವನ್ನು ಕೊಟ್ಟು ಕಳುಹಿಸುತ್ತಿದ್ದರು. ಅಲ್ಲಿ ಹಗುರವೆಂದು ತೀರ್ಮಾನವಾದವರು ಒಬ್ಬರೂ ಇಲ್ಲ. 1729ರವರೆಗೂ ಈ ಕೆಲಸ ನಡೆಯಿತು. ಮೂಢನಂಬಿಕೆಯನ್ನು ಖಂಡಿಸುವ ಗೋಜಿಗೆ ಹೋಗದೆ, ಅದು ಕೇಳಿದ ಪರೀಕ್ಷೆಯನ್ನೇ ಪ್ರಾಮಾಣಿಕವಾಗಿ ಮಾಡಿ, ರೂಢಿಯ ಶುಲ್ಕವನ್ನೂ ತೆಗೆದುಕೊಂಡು ಜೀವಗಳನ್ನು ಉಳಿಸಿದ ಆ ತೂಕದವರಂತಹ ವಿಚಾರವಾದಿಗಳು ನನಗೆ ಬೇರೆಲ್ಲಿಯೂ ಕಂಡಿಲ್ಲ.

ಖಂಡಿಸಲು ಹೊರಟವನ ಗತಿ ಬೇರೆಯಾಯಿತು. ಆಮ್‌ಸ್ಟರ್‌ಡಾಮಿನ ಪಾದ್ರಿ ಬಾಲ್ತಾಸರ್ ಬೆಕ್ಕರನು 1691ರಲ್ಲಿ ಮಾಯಾಗ್ರಸ್ತ ಲೋಕವೆಂಬ ಅರ್ಥದ ಹೆಸರಿನ ಬೃಹದ್ಗ್ರಂಥದ ಮೊದಲ ಭಾಗಗಳನ್ನು ಹೊರತಂದು, ಏಷ್ಯ ಆಫ್ರಿಕ ಅಮೆರಿಕಗಳ ಜನಗಳ ದೆವ್ವನಂಬಿಕೆಗಳನ್ನು ಪ್ರವಾಸಿಗಳ ಗ್ರಂಥಗಳಿಂದ ಸಂಗ್ರಹಿಸಿ ತನ್ನವರ ನಂಬಿಕೆಗಳ ಪಕ್ಕದಲ್ಲಿಟ್ಟು, ಸೈತಾನನಿಗೆ ಈ ಭೂಮಿಯ ವ್ಯವಹಾರಗಳಲ್ಲಿ ಕೈಹಾಕುವ ಶಕ್ತಿಯೇ ಇಲ್ಲವೆಂದು ಪ್ರತಿಪಾದಿಸಿದನು. ಮರುವರ್ಷವೇ ಧರ್ಮಸಭೆಯು ಅವನನ್ನು ಪದಚ್ಯುತನನ್ನಾಗಿ ಮಾಡಿತು. ಊರಿನ ಅಧಿಕಾರಿಗಳಾದರೋ ಅವನ ಸಂಬಳವನ್ನು ನಿಲ್ಲಿಸಲಿಲ್ಲ. ಅತ್ತ ದೇವರಿಗೂ ಇತ್ತ ಬುದ್ಧಿಗೂ ಸಲ್ಲುವಂತೆ ನಡೆದುಕೊಂಡ ಈ ಏರ್ಪಾಟು ಆ ನಗರದ ಸ್ವಭಾವಕ್ಕೆ ಒಪ್ಪುವಂತಹುದೇ.

ಬೆಕ್ಕರನು ತೀರಿಕೊಂಡ ಅರ್ಧ ಶತಮಾನದೊಳಗೆ, ದಕ್ಷಿಣದ ಲಿಂಬರ್ಗ್ ಸೀಮೆಯಲ್ಲಿ ಹೊಸದೊಂದು ಭೀತಿ ಹುಟ್ಟಿತು. ಮಾಸ್ ನದಿಯ ಆಚೆಯ ಆ ಪ್ರದೇಶವು ಆಗ ಆಸ್ಟ್ರಿಯ, ಡಚ್ ಗಣರಾಜ್ಯ, ಜರ್ಮನಿಯ ಸಂಸ್ಥಾನಗಳು ಹೀಗೆ ಹಲವು ಒಡೆಯರಿಗೆ ತುಂಡು ತುಂಡಾಗಿ ಹಂಚಿಹೋಗಿತ್ತು. ಒಂದು ತುಂಡಿನಲ್ಲಿ ಕದ್ದು ಮೂರು ಹೊಲ ದಾಟಿದವನು ಇನ್ನೊಬ್ಬ ಅರಸನ ನೆಲದಲ್ಲಿರುತ್ತಿದ್ದನು. ಒಂಟಿ ತೋಟದ ಮನೆಗಳಿಗೂ ಇಗರ್ಜಿಗಳಿಗೂ ರಾತ್ರಿಯಲ್ಲಿ ಕನ್ನ ಬಿದ್ದುವು. ಒಂದೇ ರಾತ್ರಿಯಲ್ಲಿ ಅಷ್ಟು ದೂರದ ಎರಡು ಊರುಗಳಲ್ಲಿ ಕಳವಾದುದು ಹೇಗೆಂಬುದಕ್ಕೆ ಜನರು ಕಂಡುಕೊಂಡ ಉತ್ತರವೆಂದರೆ, ಕಳ್ಳರು ಸೈತಾನನು ಕೊಟ್ಟ ಹೋತಗಳನ್ನೇರಿ ಆಕಾಶಮಾರ್ಗವಾಗಿ ಸಂಚರಿಸುತ್ತಾರೆ ಎಂಬುದು. ಹೋತಸವಾರರು ಎಂಬ ಅರ್ಥದ ಬೊಕ್ಕನ್‌ರೈಡರ್ಸ್ ಎಂಬ ಹೆಸರು ಅವರಿಗೆ ನಿಂತಿತು.

ಮೊದಲ ವಿಚಾರಣೆಗಳು 1740ರ ದಶಕದಲ್ಲಿ, ದೊಡ್ಡವು 1770ರ ದಶಕದಲ್ಲಿ ನಡೆದುವು. ಹಿಡಿದು ತಂದವರನ್ನು ಹೆಬ್ಬೆರಳು ಹಿಂಡುವ, ಕಾಲುಮೂಳೆ ನುಗ್ಗುಮಾಡುವ ಯಂತ್ರಗಳಿಗೆ ಕಟ್ಟಿ, ಜೊತೆಗಾರರ ಹೆಸರು ಹೇಳೆಂದು ಕೇಳಿದರು. ನೋವು ತಾಳಲಾರದೆ ಒಬ್ಬನು ಹತ್ತು ಹೆಸರು ಹೇಳಿದನು. ಆ ಹತ್ತು ಮಂದಿಯಲ್ಲಿ ಒಬ್ಬೊಬ್ಬನೂ ಮತ್ತೆ ಹೆಸರುಗಳನ್ನು ಹೇಳಿದನು. ಹೀಗೆ ಚಪ್ಪಲಿ ಹೊಲಿಯುವವರು, ಕುದುರೆಗೆ ಲಾಳ ಕಟ್ಟುವವರು, ಕೂಲಿಗಳು, ಸತ್ತ ದನ ಸುಲಿಯುವವರು ಎಲ್ಲರೂ ಒಂದೇ ಮಹಾಸಂಘದ ಸದಸ್ಯರಾಗಿಬಿಟ್ಟರು. ಕಳ್ಳತನವೊಂದೇ ಆಗಿದ್ದರೆ ನ್ಯಾಯಾಧೀಶರಿಗೆ ತೃಪ್ತಿಯಾಗುತ್ತಿರಲಿಲ್ಲ. ಗುಡಿಯಲ್ಲಿ ದೇವರನ್ನು ನಿರಾಕರಿಸಿ ಸೈತಾನನಿಗೆ ಪ್ರಮಾಣ ಮಾಡಿದೆಯಾ ಎಂಬುದೇ ಅವರ ಮುಖ್ಯ ಪ್ರಶ್ನೆ. ನೂರಾರು ಜನರನ್ನು ಗಲ್ಲಿಗೇರಿಸಿದರು. ದಂಡಿನ ನಾಯಕನೆಂದು ಹೆಸರಾದ ಯೋಸೆಫ್ ಕಿರ್ಖ್‌ಹಾಫ್ಸನು ಹರ್ತ್ಸೋಗೆನ್ರಾತ್ ಊರಿನ ಶಸ್ತ್ರವೈದ್ಯ. ಎಷ್ಟು ಹಿಂಸಿಸಿದರೂ ತಪ್ಪೊಪ್ಪದ ಅವನನ್ನು 1772ರಲ್ಲಿ ನೇಣುಹಾಕಿದರು. 1779ರಲ್ಲಿ ಸ್ಥಳದ ಪಾದ್ರಿಯೊಬ್ಬನು ತನ್ನ ಮನೆತನದ ಹೆಸರಾದ ಡೇನಿಯಲ್ಸ್ ಎಂಬುದನ್ನು ಹಿಂದುಮುಂದಾಗಿ ಬರೆದು ಸ್ಲೈನಾಡ ಎಂಬ ಅಂಕಿತದಲ್ಲಿ ಈ ಪ್ರಕರಣಗಳ ಪುಸ್ತಕವನ್ನು ಪ್ರಕಟಿಸಿದನು. ಬಾಯಿಮಾತಿನ ಹೋತಗಳು ಅಚ್ಚಿಗೇರಿ ಚರಿತ್ರೆಯೊಳಕ್ಕೆ ಹಾರಿದ್ದು ಹೀಗೆ. ಇಂದು ಲಿಂಬರ್ಗಿನ ಊರುಗಳಲ್ಲಿ ಹೋತಸವಾರನು ವಿನೋದದ ವ್ಯಕ್ತಿ. ಅವನ ಹೆಸರಿನ ಸಂಘಗಳೂ ಹೋಟೆಲುಗಳೂ ಕಂಚಿನ ಮೂರ್ತಿಗಳೂ ಉಂಟು. ಅಪರಾಧಿಗಳು ಎಷ್ಟು ಮಂದಿ, ಯಂತ್ರಕ್ಕೆ ಸಿಕ್ಕಿ ಅಪರಾಧಿಗಳಾದವರು ಎಷ್ಟು ಮಂದಿ ಎಂಬ ಚರ್ಚೆಯು ಚರಿತ್ರಕಾರರಲ್ಲಿ ಇನ್ನೂ ನಡೆದಿದೆ.

ಲೋಕದಲ್ಲೆಲ್ಲ ಅತ್ಯಂತ ಪ್ರಸಿದ್ಧನಾದ ಡಚ್ ಪ್ರೇತವನ್ನು ಕಡೆಗೆ ಉಳಿಸಿಕೊಂಡಿರುವೆನಾದರೂ ಅವನ ಬಗ್ಗೆ ಹೆಚ್ಚು ಹೇಳಲಾರೆ. ಏಕೆಂದರೆ ಹಾರುವ ಹಾಲೆಂಡಿಗನು ಮುಖ್ಯವಾಗಿ ಆಂಗ್ಲರ ಬಾಯಲ್ಲಿ ಬೆಳೆದ ಕೂಸು. ಗುಡ್‌ಹೋಪ್ ಭೂಶಿರವನ್ನು ದಾಟಿಯೇ ತೀರುವೆನೆಂದು ದೇವರ ಹೆಸರಿಗೆ ಸವಾಲುಹಾಕಿ ಪ್ರಳಯಕಾಲದವರೆಗೂ ಅಲೆಯುವ ಶಿಕ್ಷೆಗೊಳಗಾದ ಆ ಹಡಗಿನ ಉಲ್ಲೇಖಗಳು ಮೊದಲು ಅಚ್ಚಾದುದು ಹದಿನೆಂಟನೆಯ ಶತಮಾನದ ಕೊನೆಯ ಇಂಗ್ಲಿಷ್ ಪ್ರವಾಸಗ್ರಂಥಗಳಲ್ಲಿ. 1843ರಲ್ಲಿ ವಾಗ್ನರನ ಗೀತನಾಟಕವು ಅದನ್ನು ಜಗತ್ತಿಗೆ ಹಂಚಿತು. ಡಚ್ಚರ ಸ್ವಂತ ನೆನಪಿನಲ್ಲಿರುವವನು ಬಾರೆಂಡ್ ಫೊಕ್ಕೆ. ಹದಿನೇಳನೆಯ ಶತಮಾನದಲ್ಲಿ ಈಸ್ಟ್ ಇಂಡಿಯ ಕಂಪೆನಿಯ ಹಡಗನ್ನು ಜಾವಾಕ್ಕೆ ಎಷ್ಟು ವೇಗವಾಗಿ ನಡೆಸುತ್ತಿದ್ದನೆಂದರೆ ಸೈತಾನನ ನೆರವಿಲ್ಲದೆ ಅದು ಅಸಾಧ್ಯವೆಂದು ಜನರು ಆಡಿಕೊಂಡರು. ಕೆಳದಿಯ ಅರಸರ ಬಸರೂರಿನಲ್ಲಿ ಅಕ್ಕಿ ಮೆಣಸುಗಳನ್ನು ಕೊಂಡು ಸಾಗಿಸಿದ ಅದೇ ಕಂಪೆನಿಯ ಹಡಗುಗಳೂ ಆ ಭೂಶಿರವನ್ನು ಸುತ್ತಿಯೇ ಬಂದುವು; ಚೊಕ್ಕಟವಾದ ಲೆಕ್ಕದ ಪುಸ್ತಕಗಳ ಜೊತೆಗೆ ಅವುಗಳ ನಾವಿಕರು ಏನೇನು ಭಯಗಳನ್ನು ಹೊತ್ತುತಂದರೋ, ಅದಕ್ಕೆ ಮಾತ್ರ ಯಾವ ಸುಂಕದ ಕಟ್ಟೆಯಲ್ಲಿಯೂ ದಾಖಲೆಯಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಈ ಭೀತಿಗಳೆಲ್ಲವೂ ಕಾಗದಕ್ಕೆ ಇಳಿದುವು. 1930ರ ದಶಕದಿಂದ ಆಮ್‌ಸ್ಟರ್‌ಡಾಮಿನ ಒಂದು ಕಚೇರಿಯ ಪಂಡಿತರು ಹಳ್ಳಿ ಹಳ್ಳಿಗೆ ಪ್ರಶ್ನಾವಳಿಗಳನ್ನು ಕಳುಹಿಸಿ, ನಿಮ್ಮಲ್ಲಿ ಮಾರೆಯುಂಟೆ, ನೆಲದೊಳಗೆ ಕುಬ್ಜರುಂಟೆ ಎಂದು ವಿಚಾರಿಸಿ, ಉತ್ತರಗಳನ್ನು ನಕ್ಷೆಯ ಮೇಲೆ ಚುಕ್ಕೆಗಳಾಗಿ ಗುರುತಿಸಿದರು. ಆ ಕಚೇರಿಯಲ್ಲಿ ದುಡಿದ ಯೋಹಾನ್ನೆಸ್ ವೊಸ್ಕೌಲ್ ಎಂಬವನು ನಿವೃತ್ತನಾದ ಮೇಲೆ ಏಳು ಸಂಪುಟಗಳ ಕಾದಂಬರಿಯನ್ನೇ ಬರೆದನು. ಅದರ ನಾಯಕನಿಗೆ 1957ರಲ್ಲಿ ಕೆಲಸಕ್ಕೆ ಸೇರಿದೊಡನೆ ಒಪ್ಪಿಸಲ್ಪಡುವ ಕಾರ್ಯವೆಂದರೆ ಕುಬ್ಜರ ನಕ್ಷೆಯನ್ನು ತಯಾರಿಸುವುದು. ಅವನು ಬೇಸರದಿಂದಲೇ ಚೀಟಿಗಳನ್ನು ಜೋಡಿಸುತ್ತಾನೆ. ಆ ನಾಡಿನ ಕುಬ್ಜರಿಗೆ ಇದಕ್ಕಿಂತ ಮುಂಚೆಯೇ ಸೂತಕ ಬಂದಿತ್ತು: ದಕ್ಷಿಣದ ಹೋಗೆಲೋನ್ ಊರಿನ ದಿಬ್ಬದಲ್ಲಿದ್ದ ಅವರ ಅರಸನಾದ ಕಿರಿಯೆಯು ಬೇಟೆಗಾರನೊಬ್ಬನ ಗುಂಡಿಗೆ ಸಿಕ್ಕಿ ಸತ್ತನೆಂದೂ, ಅಂದು ರಾತ್ರಿ ಹೀದರ್ ಬಯಲಿನಲ್ಲೆಲ್ಲ ಕಿರಿಯೆ ಸತ್ತನೆಂಬ ಗೋಳು ಕೇಳಿಬಂದು, ಬೆಳಗಾಗುವಷ್ಟರಲ್ಲಿ ಕುಬ್ಜರೆಲ್ಲರೂ ಆ ಸೀಮೆಯನ್ನು ಬಿಟ್ಟು ಹೋದರೆಂದೂ ಅಲ್ಲಿಯವರು ಹೇಳುತ್ತಾರೆ.

ಬಿಳಿಯ ಹೆಂಗಸರು ಮಾತ್ರ ಹೋಗಲಿಲ್ಲ. ಶರತ್ಕಾಲದ ಇಳಿಹೊತ್ತಿನಲ್ಲಿ ಪೂರ್ವದ ಪ್ರಾಂತ್ಯಗಳ ತಗ್ಗುಹೊಲಗಳ ಮೇಲೆ ಮಂಜು ಹಾಸಿಕೊಂಡಾಗ, ದೆವ್ವವನ್ನು ನಂಬದ ರೈತನೂ, ಹವಾಮಾನವನ್ನು ಕುರಿತು ಬರೆಯುವವನೂ, ಅದಕ್ಕೆ ವಿಟ್ಟೆ ವೀವನ್ ಎಂದೇ ಹೆಸರಿಟ್ಟು ಕರೆದು, ರಸ್ತೆಯಲ್ಲಿ ಬಂಡಿ ನಡೆಸುವವರಿಗೆ ನಿಧಾನವಾಗಿ ಹೋಗಿರೆಂದು ಹೇಳುತ್ತಾರೆ.